ಕರ್ತೃವಿಲ್ಲದ ವಾಕ್ಯ

ನನ್ನದು ಜಗಳದ ಸ್ವಭಾವವಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಹೈಸ್ಕೂಲಿನ ಹುಡುಗರಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟವನಿಗೆ, ಸಂಜೆ ಮನೆಗೆ ಮರಳುವ ಹೊತ್ತಿಗೆ ಜಗಳವಾಡುವ ತ್ರಾಣ ಉಳಿದಿರುವುದೂ ಇಲ್ಲ. ಆದರೂ ಒಮ್ಮೆ, 1983ರ ಬೇಸಗೆಯ ರಜದಲ್ಲಿ, ಒಂದು ಬ್ಯಾಂಕಿನೊಡನೆ ಐದು ವಾರಗಳ ಕಾಲ ವ್ಯಾಜ್ಯ ಹೂಡಿದೆ. ಹಣಕ್ಕಾಗಿ ಅಲ್ಲ, ಹಣವು ಮೂರನೆಯ ದಿನವೇ ನನ್ನ ಲೆಕ್ಕಕ್ಕೆ ಬಂದು ಸೇರಿತ್ತು. ವ್ಯಾಜ್ಯ ನಡೆದದ್ದು ಒಂದು ವಾಕ್ಯಕ್ಕಾಗಿ. ಹೀಗೆಂದರೆ ಓದುಗರು ನಕ್ಕಾರು. ನಮ್ಮ ಮನೆಯಲ್ಲಿಯೂ ಆಗ ನಕ್ಕವರಿದ್ದರು, ಅತ್ತವರೂ ಇದ್ದರು.

ನಾನಾಗ ಶಿವಮೊಗ್ಗದಲ್ಲಿ ಉಪಾಧ್ಯಾಯನಾಗಿದ್ದೆ. ತಂದೆ ತೀರಿಕೊಂಡಿದ್ದುದರಿಂದ ತಂಗಿಯ ಮದುವೆಯ ಭಾರ ನನ್ನ ಮೇಲಿತ್ತು. ಸಾಗರದ ಕಡೆಯ ಸಂಬಂಧ, ಒಳ್ಳೆಯ ಮನೆತನ. ಲಗ್ನ ಮೇ ತಿಂಗಳ ಕೊನೆಗೆಂದು ನಿಶ್ಚಯವಾಗಿತ್ತು. ಪ್ರಾವಿಡೆಂಟ್ ಫಂಡಿನಿಂದ ಮುಂಗಡವಾಗಿ ಪಡೆದ 6,000 ರೂಪಾಯಿಗಳನ್ನು ಏಪ್ರಿಲ್ ತಿಂಗಳಲ್ಲಿ ಒಂದು ಬೆಳಿಗ್ಗೆ ಬ್ಯಾಂಕಿಗೆ ಕಟ್ಟಿ, ಮೊಹರು ಬಿದ್ದ ರಸೀತಿಯ ಚೂರನ್ನು ಕಿಸೆಗೆ ಹಾಕಿಕೊಂಡು ಬಂದೆ. ಅದಕ್ಕೆ ಮೊದಲು ನನ್ನ ಖಾತೆಯಲ್ಲಿ ಇದ್ದದ್ದು ಇನ್ನೂರ ಹನ್ನೆರಡು ರೂಪಾಯಿ. ಮಾರನೆಯ ದಿನವೇ ಅಮ್ಮನನ್ನೂ ತಂಗಿಯನ್ನೂ ಕರೆದುಕೊಂಡು ಗಾಂಧಿಬಜಾರಿಗೆ ಹೋಗಿ, ನಮ್ಮ ತಂದೆಯ ಕಾಲದಿಂದ ನಾವು ಬಟ್ಟೆ ಕೊಳ್ಳುತ್ತಿದ್ದ ಜವಳಿ ಅಂಗಡಿಯಲ್ಲಿ ಧಾರೆಯ ಸೀರೆ ಮೊದಲುಗೊಂಡು ಎಲ್ಲವನ್ನೂ ಆರಿಸಿ, 3,840 ರೂಪಾಯಿಗೆ ಚೆಕ್ಕು ಬರೆದುಕೊಟ್ಟೆ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಮೊತ್ತಕ್ಕೆ ಚೆಕ್ಕು ಬರೆದದ್ದು ಅದೇ ಮೊದಲು. ರುಜು ಹಾಕುವಾಗ ಸ್ವಲ್ಪ ಠೀವಿಯಿಂದಲೇ ಹಾಕಿದೆನೆಂದು ಒಪ್ಪಿಕೊಳ್ಳಬೇಕು.

ಐದನೆಯ ದಿನ ಅಂಗಡಿಯ ಹುಡುಗ ಮನೆಗೆ ಬಂದ. “ಸಾಹುಕಾರರು ಇದನ್ನು ಕೊಟ್ಟು ಬಾ ಅಂದರು” ಎಂದು ಒಂದು ಲಕೋಟೆಯನ್ನು ಕೈಗಿತ್ತು ನನ್ನ ಮುಖ ನೋಡದೆ ನಿಂತ. ಒಳಗೆ ನನ್ನ ಚೆಕ್ಕು. ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದ ಒಂದು ಅಚ್ಚಿನ ಚೀಟಿ. ಚೀಟಿಯಲ್ಲಿ ಚೆಕ್ಕು ಹಿಂತಿರುಗಲು ಇರಬಹುದಾದ ಕಾರಣಗಳೆಲ್ಲ ಸಾಲಾಗಿ ಅಚ್ಚಾಗಿರುತ್ತವೆ: ರುಜು ತಾಳೆಯಾಗದು, ತಾರೀಖು ಸರಿಯಿಲ್ಲ, ಅಂಕಿಗೂ ಅಕ್ಷರಕ್ಕೂ ಹೊಂದಿಕೆಯಿಲ್ಲ, ಹೀಗೆ. ನನ್ನ ಪಾಲಿಗೆ ಗುರುತು ಬಿದ್ದಿದ್ದದ್ದು ‘ಹಣ ಸಾಲದು’ ಎಂಬುದರ ಎದುರಿಗೆ. ಇಂಗ್ಲೆಂಡಿನ ಬ್ಯಾಂಕುಗಳು ಇಂಥ ಸಂದರ್ಭಕ್ಕೆಂದು ಒಂದು ನಯವಾದ ಮಾತನ್ನು ಕಂಡುಹಿಡಿದಿದ್ದವು: ‘ಚೆಕ್ಕು ಬರೆದವರನ್ನೇ ವಿಚಾರಿಸಿ.’ ಎಲ್ಲರಿಗೂ ಅದರ ಅರ್ಥ ತಿಳಿದಿತ್ತು. ಆದರೂ ಮುಚ್ಚಿದ ಬಾಗಿಲಿಗೂ ಎಳೆದ ಪರದೆಗೂ ವ್ಯತ್ಯಾಸವುಂಟಷ್ಟೆ. ನನ್ನ ಚೀಟಿಗೆ ಪರದೆಯಿರಲಿಲ್ಲ.

ಆ ಅಂಗಡಿಯ ಲೆಕ್ಕ ಬರೆಯುವವರು ನಮ್ಮ ಭಾವೀ ಬೀಗರಿಗೆ ಹತ್ತಿರದ ನೆಂಟರೆಂಬುದು ನಮಗೆ ಗೊತ್ತಿರಲಿಲ್ಲ. ಗೊತ್ತಾಗಲು ತಡವೂ ಆಗಲಿಲ್ಲ. ವಾರ ಕಳೆಯುವುದರೊಳಗೆ ಸಾಗರದಿಂದ ಒಂದು ಕಾಗದ ಬಂತು. ಬಹಳ ಸೌಜನ್ಯದ ಕಾಗದ. ‘ಈ ಕಾಲದಲ್ಲಿ ಎಲ್ಲರಿಗೂ ಕಷ್ಟವೇ. ತಮಗೆ ಸಂಕೋಚವಿಲ್ಲದಿದ್ದರೆ ಛತ್ರದ ಖರ್ಚನ್ನು ನಾವೇ ವಹಿಸಿಕೊಳ್ಳುತ್ತೇವೆ’ ಎಂದು ಬರೆದಿದ್ದರು. ಅದನ್ನು ಓದಿ ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ. ಎದ್ದು ಹೋಗಿ ದೇವರ ಮನೆಯಲ್ಲಿ ಕುಳಿತರು. ಬೈದು ಬರೆದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಕನಿಕರಕ್ಕೆ ಏನೆಂದು ಉತ್ತರ ಬರೆಯುವುದು?

ಚೀಟಿ ಕೈಗೆ ಬಂದ ದಿನವೇ ನಾನು ಬ್ಯಾಂಕಿಗೆ ಓಡಿದ್ದೆ. ಆಗ ಗಣಕಯಂತ್ರಗಳಿಲ್ಲ. ಆಳೆತ್ತರದ ಕೌಂಟರು, ಹಿತ್ತಾಳೆಯ ಟೋಕನ್ನು, ಇಬ್ಬರು ಹೊರಬೇಕಾದ ಲೆಡ್ಜರು. ಕಟ್ಟಿದ ಹಣದ ಚೀಟಿಯನ್ನು ಗುಮಾಸ್ತೆ ನೋಡಿ ಆಯಾ ಖಾತೆಯ ಪುಟದಲ್ಲಿ ಜಮಾ ಬರೆಯುತ್ತಿದ್ದ. ಅಧಿಕಾರಿ ಅದನ್ನು ತಾಳೆ ನೋಡಿ ಪಕ್ಕದಲ್ಲಿ ಚಿಕ್ಕ ರುಜು ಹಾಕುತ್ತಿದ್ದರು. ಅರ್ಧ ಗಂಟೆ ಹುಡುಕಿದ ಮೇಲೆ ನನ್ನ ಆರು ಸಾವಿರ ಪತ್ತೆಯಾಯಿತು. ಅದೇ ಊರಿನ ಅಡಿಕೆ ಮಂಡಿಯ ವರ್ತಕರೊಬ್ಬರ ಉಳಿತಾಯ ಖಾತೆಯಲ್ಲಿ ಅದು ಸುಖವಾಗಿ ಕುಳಿತಿತ್ತು. ಅವರ ಹೆಸರು, ಹೆಸರಿನ ಹಿಂದಿನ ಎರಡಕ್ಷರ, ಎಲ್ಲವೂ ನನ್ನವೇ. ಖಾತೆಯ ಸಂಖ್ಯೆಯಲ್ಲಿ ಮಾತ್ರ ಒಂದೇ ಒಂದು ಅಂಕಿಯ ಭೇದ: ನನ್ನದರಲ್ಲಿ ಆರು ಇದ್ದ ಕಡೆ ಅವರದರಲ್ಲಿ ಒಂಬತ್ತು.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಚೀಟಿಯಲ್ಲಿ ಖಾತೆಯ ಸಂಖ್ಯೆಯನ್ನು ನಾನು ಕನ್ನಡದ ಅಂಕಿಗಳಲ್ಲಿ ಬರೆದಿದ್ದೆ. ಕನ್ನಡ ಮೇಷ್ಟರ ಹಟವೆನ್ನಿ, ಅಭಿಮಾನವೆನ್ನಿ. ನಮ್ಮ ೬ ಮತ್ತು ೯ ದಾಯಾದಿಗಳು. ಅವಸರದ ಕೈಯಲ್ಲಿ ಬಾಲದ ತಿರುವೊಂದರಿಂದಲೇ ಅವನ್ನು ಬೇರೆ ಮಾಡಬೇಕು. ಹೆಸರು ಬೇರೆಯಾಗಿದ್ದಿದ್ದರೆ ಗುಮಾಸ್ತೆ ಅಲ್ಲಿಯೇ ತಡೆಯುತ್ತಿದ್ದ. ಹೆಸರೂ ಕೂಡಿಬಂದದ್ದರಿಂದ ಅವನಿಗೆ ಅನುಮಾನ ಬರಲು ಕಾರಣವೇ ಉಳಿಯಲಿಲ್ಲ.

ಮ್ಯಾನೇಜರು ದಕ್ಷಿಣ ಕನ್ನಡದವರು, ಸಭ್ಯರು. ಮೂರು ದಿನದೊಳಗೆ ಹಣವನ್ನು ನನ್ನ ಖಾತೆಗೆ ವರ್ಗಮಾಡಿಸಿದರು. “ಮೇಷ್ಟ್ರೇ, ಇನ್ನು ಚೆಕ್ಕನ್ನು ಮತ್ತೆ ಹಾಕಲು ಹೇಳಿ, ಪಾಸಾಗುತ್ತದೆ. ಆದರೆ ತಾವು ದಯವಿಟ್ಟು ಇಂಗ್ಲಿಷು ಅಂಕಿಗಳನ್ನೇ ಬರೆಯಬೇಕು” ಎಂದರು. ನನಗೆ ಸಿಟ್ಟು ಬಂತು. ಚೆಕ್ಕನ್ನು ಹಿಂದಿ, ಇಂಗ್ಲಿಷು ಅಥವಾ ಆಯಾ ಪ್ರಾಂತದ ಭಾಷೆಯಲ್ಲಿ ಬರೆಯಬಹುದೆಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳೇ ಹೇಳುತ್ತವೆ. ಕನ್ನಡನಾಡಿನ ನಡುವೆ ಕನ್ನಡದ ಆರನ್ನು ಓದಲಾರದ ಬ್ಯಾಂಕು ತನ್ನ ಕಣ್ಣಿನ ದೋಷವನ್ನು ನನ್ನ ಕೈಬರಹಕ್ಕೆ ಕಟ್ಟುವುದೆಂದರೇನು? “ಅಂಗಡಿಯವರಿಗೆ ತಾವು ಒಂದು ಕಾಗದ ಬರೆದುಕೊಡಬೇಕು, ತಪ್ಪು ನಮ್ಮದು ಎಂದು” ಎಂದೆ. ಅವರು ನಕ್ಕರು. “ತಮಗೆ ನಷ್ಟವೇನಾಯಿತು, ಹೇಳಿ? ಒಂದು ಪೈಸೆಯಾದರೂ ಹೋಯಿತೇ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಡಪಡಿಸುತ್ತ ನೆರೆಮನೆಯ ವಕೀಲ ಮಿತ್ರನಲ್ಲಿಗೆ ಹೋದೆ. ಅವನು ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು, ಧೂಳು ಕೊಡವಿ, “ಕೂತುಕೋ, ನಿನ್ನ ಕಥೆ ನೂರೈವತ್ತು ವರ್ಷದ ಹಳೆಯದು” ಎಂದ.

ಆ ಸಂಜೆ ನಾನು ಕಲಿತದ್ದು ಇದು. 1830ರ ಮೊಕದ್ದಮೆಯೊಂದರ ಪ್ರಕಾರ, ಲಂಡನ್ನಿನಲ್ಲಿ ಮಾರ್ಜೆಟ್ಟಿ ಎಂಬ ವರ್ತಕ ಬೆಳಿಗ್ಗೆ ಬ್ಯಾಂಕಿಗೆ ಹಣ ಕಟ್ಟಿದ; ಅದು ಪುಸ್ತಕಕ್ಕೆ ಏರುವ ಮೊದಲೇ ಮಧ್ಯಾಹ್ನ ಅವನ ಚೆಕ್ಕು ಬಂತು; ಹಣವಿಲ್ಲವೆಂದು ಹಿಂತಿರುಗಿಸಿದರು; ಮರುದಿನ ಅದೇ ಚೆಕ್ಕಿಗೆ ಹಣ ಕೊಟ್ಟರು. ಒಂದು ಕಾಸಿನ ನಷ್ಟವೂ ಆಗಲಿಲ್ಲ. ಆದರೂ ಬ್ಯಾಂಕು ಮಾತು ತಪ್ಪಿದೆ, ನಷ್ಟವಿಲ್ಲದಿದ್ದರೂ ಅದು ಹೊಣೆಯೇ ಎಂದು ನ್ಯಾಯಾಲಯ ಹೇಳಿ, ಹೆಸರಿಗೆ ಮಾತ್ರ ಪರಿಹಾರ ಕೊಡಿಸಿತು. 1854ರಲ್ಲಿ ರೋಲಿನ್ ಎಂಬ ಇನ್ನೊಬ್ಬ ವರ್ತಕನ ಮೊಕದ್ದಮೆಯಲ್ಲಿ ಜ್ಯೂರಿಯವರು 500 ಪೌಂಡು ಕೊಡಿಸಿದರು. ಅದು ಮುಂದೆ 200 ಪೌಂಡಿಗೆ ಇಳಿಯಿತು. ವರ್ತಕನಿಗೆ ಸಾಖೆಯೇ ಬಂಡವಾಳ. ಅವನ ಚೆಕ್ಕು ತಪ್ಪಾಗಿ ಹಿಂತಿರುಗಿದರೆ ನಷ್ಟವಾಗಿಯೇ ಇರುತ್ತದೆ, ಅದನ್ನು ರುಜುವಾತು ಮಾಡಬೇಕಾಗಿಲ್ಲ ಎಂಬ ತತ್ತ್ವ ಹೀಗೆ ನೆಲೆಗೊಂಡಿತು.

“ವರ್ತಕನಲ್ಲದವನಿಗೆ?” ಎಂದೆ.

ಅವನು ಪುಟ ಮಗುಚಿದ. 1939ರ ಗಿಬ್ಬನ್ಸ್ ಮೊಕದ್ದಮೆ. ಒಬ್ಬ ಹೆಂಗಸು ಬ್ಯಾಂಕಿಗೆ ಹಣ ಕಟ್ಟಿದಳು. ಗುಮಾಸ್ತೆ ಅದನ್ನು ಬೇರೊಬ್ಬರ ಖಾತೆಗೆ ಜಮಾ ಮಾಡಿದ. ಮನೆ ಬಾಡಿಗೆಗೆಂದು ಅವಳು ಕೊಟ್ಟ ಚೆಕ್ಕು ಹಿಂತಿರುಗಿತು. ನಾನು ಕುರ್ಚಿಯ ಅಂಚಿಗೆ ಜರುಗಿದೆ. ನನ್ನ ಕಥೆಯನ್ನೇ ಯಾರೋ ಮೊದಲೇ ಬರೆದಿಟ್ಟಂತಿತ್ತು. ಜ್ಯೂರಿಯವರು ಅವಳಿಗೆ 50 ಪೌಂಡು ಕೊಡಬೇಕೆಂದರು. ನ್ಯಾಯಾಧೀಶರು ಒಪ್ಪಲಿಲ್ಲ. ಇವಳು ವ್ಯಾಪಾರಿಯಲ್ಲ, ವಿಶೇಷ ನಷ್ಟವಾಯಿತೆಂದು ಹೇಳಿ ಅದನ್ನು ಸಿದ್ಧಪಡಿಸಿಯೂ ಇಲ್ಲ, ಆದ್ದರಿಂದ ಇವಳಿಗೆ ಸಲ್ಲುವುದು ನಾಮಮಾತ್ರದ ಪರಿಹಾರ, 40 ಷಿಲ್ಲಿಂಗು.

“ನೋಡು,” ಎಂದ ಮಿತ್ರ, “ನಿನ್ನ ಅಡಿಕೆ ಮಂಡಿಯವರ ಚೆಕ್ಕು ಹೀಗೆ ಹಿಂದಕ್ಕೆ ಬಂದಿದ್ದರೆ ಅವರ ಮಾನಕ್ಕೆ ಬೆಲೆಯಿದೆಯೆಂದು ಕಾನೂನು ತಾನಾಗಿಯೇ ಒಪ್ಪುತ್ತದೆ. ನೀನು ಮೇಷ್ಟರು. ನಿನ್ನ ಮಾನಕ್ಕೆ ಬೆಲೆಯಿದೆಯೆಂದು ನೀನೇ ಸಾಕ್ಷಿ ತಂದು ತೋರಿಸಬೇಕು.” ನಮ್ಮ ದೇಶದಲ್ಲಿಯೂ 1881ರ ಕಾಯಿದೆಯ 31ನೆಯ ಕಲಮು ಸ್ಪಷ್ಟವಾಗಿದೆ: ಗಿರಾಕಿಯ ಹಣ ಸಾಕಷ್ಟು ಇರುವಾಗ ಬ್ಯಾಂಕು ಚೆಕ್ಕಿಗೆ ಹಣ ಕೊಡಲೇಬೇಕು, ತಪ್ಪಿದರೆ ಅದರಿಂದ ಚೆಕ್ಕು ಬರೆದವನಿಗಾದ ನಷ್ಟವನ್ನು ತುಂಬಿಕೊಡಬೇಕು. ಆದರೆ ನಷ್ಟವನ್ನು ಅಳೆಯುವ ಕೋಲು ಅದೇ ಹಳೆಯದು. ಸಾಗರದಿಂದ ಬಂದ ಕಾಗದವನ್ನು ಸಾಕ್ಷಿಯಾಗಿ ಹಾಜರುಪಡಿಸುವುದೇ? ತಂಗಿಯ ಮದುವೆಗೆ ಮೊದಲು ಬೀಗರ ಕಾಗದವನ್ನು ಕೋರ್ಟಿಗೆ ಒಯ್ದವನ ಮನೆಯಲ್ಲಿ ಆಮೇಲೆ ಮದುವೆ ನಡೆದೀತೇ?

ಅಂದಿಗೆ ಬೇರೆ ದಾರಿಗಳೂ ಇರಲಿಲ್ಲ. ಗ್ರಾಹಕರ ಹಿತರಕ್ಷಣೆಯ ಕಾಯಿದೆ ಬಂದದ್ದು 1986ರಲ್ಲಿ. ಬ್ಯಾಂಕುಗಳ ಮೇಲಣ ದೂರು ಕೇಳುವ ಓಂಬುಡ್ಸ್‌ಮನ್ ವ್ಯವಸ್ಥೆ 1995ರಲ್ಲಿ. ಇಂಗ್ಲೆಂಡಿನಲ್ಲಿಯೇ ಮೇಲ್ಮನವಿಯ ನ್ಯಾಯಾಲಯ ವರ್ತಕ, ವರ್ತಕನಲ್ಲದವ ಎಂಬ ಗೋಡೆಯನ್ನು ಕೆಡವಿದ್ದು 1996ರಲ್ಲಿ. ಸಾಮಾನ್ಯ ಮನುಷ್ಯನ ಚೆಕ್ಕು ಹಿಂತಿರುಗಿದರೂ ಅವನ ಹೆಸರಿಗೆ ಧಕ್ಕೆಯಾಗುತ್ತದೆಂದು ಭಾವಿಸಿಕೊಳ್ಳಬೇಕೆಂದು ಆಗ ಹೇಳಿದರು. ಗಿಬ್ಬನ್ಸಳಿಗೆ ಆ ಮಾತು ಐವತ್ತೇಳು ವರ್ಷ ತಡವಾಗಿ ಬಂತು. ನನಗೆ ಹದಿಮೂರು ವರ್ಷ. ಇನ್ನೊಂದು ಕಡೆಯಿಂದ ನೋಡಿದರೆ ನಾನು ಅದೃಷ್ಟವಂತನೇ. 1989ರ ಏಪ್ರಿಲಿನಿಂದ ನಮ್ಮಲ್ಲಿ ಹಣವಿಲ್ಲದೆ ಚೆಕ್ಕು ಹಿಂತಿರುಗುವುದು ಅಪರಾಧವೇ ಆಗಿಬಿಟ್ಟಿತು. ನೋಟೀಸು ಬಂದ ಮೇಲೆ ಹದಿನೈದು ದಿನಗಳಲ್ಲಿ ಹಣ ಕೊಡದಿದ್ದರೆ ಜುಲ್ಮಾನೆ, ಸೆರೆಮನೆ. ಗುಂಡುಸೂಜಿ ಚುಚ್ಚಿದ ಅಂಥ ಚೀಟಿಯೇ ಅಂದಿನಿಂದ ಅಪರಾಧದ ಮೊದಲ ಸಾಕ್ಷಿ. ಅಮ್ಮನಿಗೆ ಅದನ್ನು ವಿವರಿಸಬೇಕಾದ ಪ್ರಸಂಗ ಬರಲಿಲ್ಲವಲ್ಲ, ಅಷ್ಟೇ ಸಮಾಧಾನ.

ದಾವೆಯ ಯೋಚನೆ ಬಿಟ್ಟು ನಾನು ಕಾಗದಕ್ಕೇ ಅಂಟಿಕೊಂಡೆ. ಎರಡು ದಿನಕ್ಕೊಮ್ಮೆ ಹೋಗಿ ಮ್ಯಾನೇಜರ ಎದುರಿನ ಕುರ್ಚಿಯಲ್ಲಿ ಕುಳಿತುಕೊಳ್ಳುವುದು. ಅವರು ಕಾಫಿ ತರಿಸುವುದು. ನಾನು ಕುಡಿಯದೆ ಬರುವುದು. ಮೂರನೆಯ ವಾರ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಕನ್ನಡಿಸಿದರೆ ಇಷ್ಟು: ‘ಸದರಿ ಚೆಕ್ಕು ಅನಿವಾರ್ಯ ಕಾರಣಗಳಿಂದ ಹಿಂತಿರುಗಿಸಲ್ಪಟ್ಟಿತು. ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸಲಾಗುತ್ತದೆ.’

ನಾನು ಒಂಬತ್ತನೆಯ ತರಗತಿಗೆ ಪ್ರತಿವರ್ಷವೂ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಹೇಳಿಕೊಡುವವನು. ಕರ್ಮಣಿಯಲ್ಲಿ ಕರ್ತೃ ತೃತೀಯೆಗೆ ಸರಿಯುತ್ತಾನೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು.’ ಕನ್ನಡದ ಬಾಯಿಗೆ ಈ ಪ್ರಯೋಗ ಸಹಜವಲ್ಲ; ನಮ್ಮ ಹಳ್ಳಿಯವನು ಯಾರೂ ‘ನನ್ನಿಂದ ಊಟ ಮಾಡಲ್ಪಟ್ಟಿತು’ ಎನ್ನುವುದಿಲ್ಲ. ಆದರೆ ಇಂಗ್ಲಿಷಿನ ಕಚೇರಿಗಳಿಂದ ನಾವು ಅದನ್ನು ಬಹಳ ಪ್ರೀತಿಯಿಂದ ತಂದುಕೊಂಡಿದ್ದೇವೆ. ಏಕೆಂದರೆ ಅದರಲ್ಲಿ ಒಂದು ದೊಡ್ಡ ಸೌಕರ್ಯವಿದೆ: ತೃತೀಯೆಗೆ ಸರಿಸಿದ ರಾಮನನ್ನು ಅಲ್ಲಿಂದಲೂ ಮೆಲ್ಲಗೆ ಹೊರಗೆ ಕಳುಹಿಸಿಬಿಡಬಹುದು. ರಾವಣನು ಕೊಲ್ಲಲ್ಪಟ್ಟನು, ಯಾರಿಂದಲೋ ದೇವರೇ ಬಲ್ಲ. ಚೆಕ್ಕು ಹಿಂತಿರುಗಿಸಲ್ಪಟ್ಟಿತು, ಅನಾನುಕೂಲ ಉಂಟಾಯಿತು, ವಿಷಾದಿಸಲಾಯಿತು. ಮೂರು ಕ್ರಿಯಾಪದಗಳಿದ್ದವು; ಒಬ್ಬ ಮನುಷ್ಯನೂ ಇರಲಿಲ್ಲ.

“ಈ ವಾಕ್ಯಕ್ಕೆ ಕರ್ತೃವಿಲ್ಲ. ಕರ್ತೃ ಬೇಕು” ಎಂದು ಕಾಗದವನ್ನು ಮೇಜಿನ ಮೇಲಿಟ್ಟೆ. ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಮೇಷ್ಟ್ರೇ, ‘ತಪ್ಪು’ ಎಂಬ ಶಬ್ದ ಬ್ಯಾಂಕಿನ ಕಾಗದದ ಮೇಲೆ ಬಂದರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೋ ತಮಗೆ ತಿಳಿಯದು” ಎಂದರು. ಎಲ್ಲಿಗೆ ಹೋಗುತ್ತದೆಂಬುದು ಆ ಭಾನುವಾರ ತಿಳಿಯಿತು.

ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಹುಡುಗ ಬಾಗಿಲಲ್ಲಿ ನಿಂತಿದ್ದ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸು, ಕೇರಳದವನು. ಲೆಡ್ಜರಿನಲ್ಲಿ ಜಮಾ ಬರೆದವನು ಅವನೇ. ಬಿಡಿಬಿಡಿಯಾದ ಕನ್ನಡದಲ್ಲಿ, “ಸಾರ್, ನಾನು ಪ್ರೊಬೇಷನ್ ಮೇಲೆ ಇದ್ದೇನೆ. ಇನ್ನು ಎರಡು ತಿಂಗಳು ಇದೆ” ಎಂದ. ಕನ್ನಡದ ಅಂಕಿಗಳನ್ನು ಹೇಗೆ ಕಲಿತೆಯಪ್ಪಾ ಎಂದು ಕೇಳಿದೆ. ಬಸ್ಸುಗಳ ಮೇಲಿನ ಅಂಕಿಗಳನ್ನು ನೋಡಿ ಕಲಿತನಂತೆ. ಬಸ್ಸಿನ ಹಿಂಭಾಗದಲ್ಲಿ ಇಂಗ್ಲಿಷು, ಮುಂಭಾಗದಲ್ಲಿ ಕನ್ನಡ. ನಿಲ್ದಾಣದಲ್ಲಿ ನಿಂತು ಎರಡನ್ನೂ ಹೊಂದಿಸಿ ನೋಡುವುದು. ಯಾರೂ ಹೇಳಿಕೊಡಲಿಲ್ಲ, ಯಾರೂ ಕಲಿಯೆಂದೂ ಹೇಳಲಿಲ್ಲ. ಅಮ್ಮ ಒಳಗಿನಿಂದ ಬಂದು ಅವನನ್ನೊಮ್ಮೆ ನೋಡಿ, ಉಪ್ಪಿಟ್ಟು ತಂದಿಟ್ಟರು. ಅವನು ಎದ್ದು ಹೋದ ಮೇಲೆ, “ಅವನ ಕೆಲಸ ಹೋಗುವ ಹಾಗೆ ಏನೂ ಮಾಡಬೇಡ ಕಣೋ” ಎಂದರು. ಸಾಗರದ ಕಾಗದ ಓದಿದಂದಿನಿಂದ ಅವರು ನನ್ನೊಡನೆ ಈ ವಿಷಯವಾಗಿ ಆಡಿದ ಮೊದಲ ಮಾತು ಅದು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಬೇಡುತ್ತಿದ್ದ ಕರ್ತೃ ಯಾರು? ಆ ಹುಡುಗನೇ? ಅವನ ಬರಹಕ್ಕೆ ತಾಳೆಯ ರುಜು ಹಾಕಿದ ಅಧಿಕಾರಿಯಿದ್ದರು. ಅವರು ಕನ್ನಡಿಗರೇ, ಬಾಲ್ಯದಿಂದ ೬ ಮತ್ತು ೯ ಬರೆದವರು. ಚೀಟಿಯನ್ನು ಬಿಡಿಸಿ ನೋಡದೆ ರುಜು ಹಾಕಿದ್ದರು. ಕನ್ನಡ ಓದಲಾರದವನನ್ನು ಕನ್ನಡದ ಕೌಂಟರಿನಲ್ಲಿ ಕೂರಿಸಿ, ಓದಲು ಕಲಿಸದ ಆಡಳಿತವಿತ್ತು. ಅವಸರದಲ್ಲಿ ಬಾಲ ತಿರುಗಿಸಿದ ನಾನೂ ಇದ್ದೆ. ಇಷ್ಟು ಜನರನ್ನು ಒಟ್ಟಿಗೆ ಹಿಡಿಯುವ ಸರ್ವನಾಮವೊಂದು ಭಾಷೆಯಲ್ಲಿ ಇದ್ದೇ ಇದೆ. ಉತ್ತಮ ಪುರುಷ, ಬಹುವಚನ.

ಬೆಳಿಗ್ಗೆ ಹೋಗಿ, “ಗುಮಾಸ್ತೆಯ ಹೆಸರು ಬೇಡ, ಹುದ್ದೆಯೂ ಬೇಡ. ‘ನಾವು’ ಎಂದು ಬರೆಯಿರಿ. ‘ನಾವು ತಪ್ಪಾಗಿ ಹಿಂತಿರುಗಿಸಿದೆವು.’ ನಿಮ್ಮ ರುಜು ಸಾಕು” ಎಂದೆ. ಅವರು ಕೂಡಲೇ ಒಪ್ಪಲಿಲ್ಲ. ಮೇಲಿನ ಕಚೇರಿಗೆ ಬರೆಯಬೇಕೆಂದರು, ಬರೆದರೋ ಇಲ್ಲವೋ. ಮತ್ತೆ ಎರಡು ವಾರ ಹಿಡಿಯಿತು. ಕೊನೆಗೊಂದು ಶನಿವಾರ, ಅರ್ಧ ದಿನದ ವ್ಯವಹಾರ ಮುಗಿದ ಮೇಲೆ, ಬೆರಳಚ್ಚಿನವನನ್ನು ಕರೆಯದೆ ತಾವೇ ಲೇಖನಿ ತೆಗೆದು ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಚೆಕ್ಕಿನ ದಿನ ನನ್ನ ಹಣ ಬ್ಯಾಂಕಿನಲ್ಲಿ ಸಾಕಷ್ಟು ಇತ್ತೆಂದೂ, ಅದನ್ನು ನಾವು ತಪ್ಪಾಗಿ ಹಿಂತಿರುಗಿಸಿದೆವೆಂದೂ, ಇದರಲ್ಲಿ ಮೇಷ್ಟರ ದೋಷವೇನೂ ಇಲ್ಲವೆಂದೂ ಬರೆದು ರುಜು ಹಾಕಿದರು. ತಾರೀಖನ್ನು ಕನ್ನಡದ ಅಂಕಿಗಳಲ್ಲಿ ಹಾಕಿದರು. ನನ್ನನ್ನು ಅಣಕಿಸಲೋ ಸಂತೈಸಲೋ ನನಗೆ ಇಂದಿಗೂ ತಿಳಿಯದು. ಆ ದಿನ ಕಾಫಿ ಕುಡಿದೆ.

ಕಾಗದದ ಒಂದು ಪ್ರತಿ ಸಾಗರಕ್ಕೆ ಹೋಯಿತು. ಬೀಗರು ಉತ್ತರ ಬರೆದು, ಛತ್ರದ ವಿಷಯವನ್ನು ಮತ್ತೆ ಎತ್ತದೆ, ಅಡಿಗೆಯವರ ಬಗ್ಗೆ ವಿಚಾರಿಸಿದರು. ಮದುವೆ ಚೆನ್ನಾಗಿ ನಡೆಯಿತು. ನನ್ನ ಹೆಸರಿನ ಅಡಿಕೆ ವರ್ತಕರೂ ಕರೆಯೋಲೆಗೆ ಓಗೊಟ್ಟು ಬಂದಿದ್ದರು. ತಮ್ಮ ಖಾತೆಯಲ್ಲಿ ಆರು ಸಾವಿರ ಹೆಚ್ಚಿಗೆ ಇದ್ದದ್ದು ತಮಗೆ ಗೊತ್ತೇ ಆಗಲಿಲ್ಲವೆಂದು ಎಲ್ಲರೆದುರಿಗೆ ಹೇಳಿ ನಕ್ಕರು. ಆ ಹುಡುಗನ ಪ್ರೊಬೇಷನ್ನೂ ಮುಗಿಯಿತೆಂದು ಕೇಳಿದೆ.

ಮೂಲ ಕಾಗದವನ್ನು ನಾನೇ ಗಾಂಧಿಬಜಾರಿಗೆ ಒಯ್ದಿದ್ದೆ. ಮದುವೆಗೆ ನಾಲ್ಕು ದಿನ ಮೊದಲು. ಮೊದಲಿನ 3,840 ರೂಪಾಯಿಗಳನ್ನು ಬ್ಯಾಂಕಿನಿಂದ ತೆಗೆದು ಅಂದೇ ನಗದಾಗಿ ತೀರಿಸಿದ್ದೆ. ಸಾಹುಕಾರರು ಕಾಗದವನ್ನು ಎರಡು ಸಲ ಓದಿ, “ಅಯ್ಯೋ, ಇದೆಲ್ಲ ಯಾತಕ್ಕೆ ಮೇಷ್ಟ್ರೇ, ನಿಮ್ಮನ್ನು ನಾವು ಅರಿಯೆವೇ?” ಎಂದು ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಇಟ್ಟುಕೊಂಡರು. ಬೀಗರ ಕಡೆಯ ಹಿರಿಯರಿಗೆಂದು ಪಂಚೆಗಳನ್ನು ಆರಿಸಿದೆ. 1,150 ರೂಪಾಯಿ ಆಯಿತು. ನಾನು ಕಿಸೆಯಿಂದ ಚೆಕ್ಕುಪುಸ್ತಕ ತೆಗೆದೆ.

“ಚೆಕ್ಕು ಯಾಕೆ ಮೇಷ್ಟ್ರೇ,” ಎಂದರು ಸಾಹುಕಾರರು, ದನಿಯನ್ನು ಸ್ವಲ್ಪ ತಗ್ಗಿಸಿ. “ಬ್ಯಾಂಕಿನವರನ್ನು ನಂಬುವ ಹಾಗಿಲ್ಲ. ನಿಧಾನವಾಗಿ ನಗದೇ ಕೊಡಿ.”

ಸಂಜೆ ನಗದು ತಂದುಕೊಟ್ಟೆ. ನಮ್ಮ ತಂದೆಯ ಕಾಲದಿಂದಲೂ ಅವರು ನಮ್ಮ ಮನೆಯ ಹಣವನ್ನು ಎಣಿಸದೆ ಪೆಟ್ಟಿಗೆಗೆ ಹಾಕುತ್ತಿದ್ದವರು. ಆ ದಿನ ಎಣಿಸಿದರು. ಎಣಿಸಿ ಮುಗಿಸಿ, ತಂಗಿಗೆಂದು ಒಂದು ರವಿಕೆಯ ಕಣವನ್ನು ತಾವಾಗಿಯೇ ತೆಗೆದು, ಪಂಚೆಗಳ ಜೊತೆಗೆ ಕಟ್ಟಿಸಿ ಕೊಟ್ಟರು.